ಖಾರದ ತಿರುವು

ನನ್ನ ಹೆಂಡತಿ ನಿರ್ಮಲಾಳ ಕೈಗೆ ಹೊಸ ಕಾರಿನ ಕೀಲಿ ಕೊಡುವುದಿಲ್ಲ ಎಂದು ನಾನು ಘೋರ ಸಂಕಲ್ಪ ಮಾಡಿದ್ದೆ. ಹಾಗಂತ ನಾನು ದುಷ್ಟನಲ್ಲ. ಬ್ಯಾಡಗಿಯಲ್ಲಿ ಗಾಡಿಗಳ ಬಿಡಿಭಾಗ ಮಾರುವ ಅಂಗಡಿ ನನ್ನದು. ಊರಿನ ಅರ್ಧ ವಾಹನಗಳು ನಿಲ್ಲುವುದೇ ನಾನು ಮಾರಿದ ಬ್ರೇಕಿನಿಂದ. ಇಂಥ ವಾಹನಶಾಸ್ತ್ರ ಪಾರಂಗತನ ಕಾರನ್ನು ಮೊನ್ನೆ ಮೊನ್ನೆ ಲೈಸೆನ್ಸ್ ಪಡೆದವಳು ಓಡಿಸುವುದೆಂದರೇನು!

ಅವಳಿಗೋ ತವರಿನ ಹಂಬಲ. ತವರೂರು ಮೇಡ್ಲೇರಿಯಲ್ಲಿ ಅವಳ ಅಕ್ಕನ ಮಗಳ ನಿಶ್ಚಯ ಕಾರ್ಯವಿತ್ತು. ತಾನೇ ಕಾರು ಓಡಿಸಿಕೊಂಡು ಹೋಗಿ ಎಲ್ಲರೆದುರು ತವರಿನ ಬಾಗಿಲಲ್ಲಿ ಇಳಿಯಬೇಕು ಎಂದಳು. ನಾನೇ ಕರೆದೊಯ್ಯುತ್ತೇನೆ ಎಂದೆ. ಹೋದ ಸಲ ನಾನು ಕರೆದೊಯ್ದಾಗ ಊಟದ ಪಂಕ್ತಿ ಎದ್ದು, ಎಲೆ ತೆಗೆದು, ನೆಲ ಒರೆಸುತ್ತಿದ್ದರು ಎಂದು ನೆನಪಿಸಿದಳು. ಮಾತಿನಲ್ಲಿ ಸೋತ ಗಂಡಸು ಏನು ಮಾಡುತ್ತಾನೆ? ಪಂಥ ಕಟ್ಟುತ್ತಾನೆ.

ಟಿ.ವಿ. ರಿಪೇರಿ ಮಾಡುವ ನನ್ನ ಗೆಳೆಯ ಮುಸ್ತಾಕ್, ನಮ್ಮ ಅಟ್ಟದ ಮೇಲೆ ಸತ್ತು ಮಲಗಿದ್ದ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆಗೆ ಅದೇ ವಾರ ಜೀವ ತುಂಬಿ ಕೊಟ್ಟಿದ್ದ. ಅದರಲ್ಲಿದ್ದುದು ಪುಟಾಣಿ ಕಾರುಗಳ ರೇಸಿನ ಆಟ. ಕಾಲೇಜು ದಿನಗಳಲ್ಲಿ ಓದುವ ನೆಪದಲ್ಲಿ ನಾವಿಬ್ಬರೂ ಆಡಿ ಆಡಿ, ಪರೀಕ್ಷೆಯಲ್ಲಿ ಹಿಂದುಳಿದು ರೇಸಿನಲ್ಲಿ ಮುಂದುವರಿದಿದ್ದೆವು. ಆ ಆಟದ ಒಂದೊಂದು ತಿರುವೂ ನನಗೆ ಕಂಠಪಾಠ.

"ಒಂದ ಪಂದ್ಯದಾಗ ನನ್ನ ಸೋಲಿಸು, ಕೀಲಿ ನಿನ್ನದು," ಎಂದೆ.

"ಆಮ್ಯಾಲೆ ಮಾತು ತಿರುಗಿಸಂಗಿಲ್ಲ ಮತ್ತ," ಎಂದಳು.

ಭಾನುವಾರ ಮಧ್ಯಾಹ್ನ ಟಿ.ವಿ. ಮುಂದೆ ಚಾಪೆ ಹಾಸಿ ಕುಳಿತೆವು. ಮೊದಲು ನಾನು ಆಟದ ಗುಣದೋಷಗಳ ಬಗ್ಗೆ ಉಪನ್ಯಾಸ ಕೊಟ್ಟೆ. ಒಂದು ಬಟನ್ ಒತ್ತಿದರೆ ಓಟ, ಇನ್ನೊಂದು ಒತ್ತಿದರೆ ತಿರುವಿನಲ್ಲಿ ಜಾರಾಟ. ಹಾಲು ಕುಡಿಯುವ ಕೂಸೂ ಕಲಿಯಬಹುದು. ತಿರುವಿನಲ್ಲಿ ಹದವಾಗಿ ಜಾರಿದವನಿಗೆ ಗಾಳಿಯಂಥ ವೇಗ ಸಿಗುತ್ತದೆ. ಇಂಥ ಸುಖ ಈಗಿನ ಥಳಕುಬಳುಕಿನ ಆಟಗಳಲ್ಲಿಲ್ಲ. ಇನ್ನು ದೋಷ ಎಂದರೆ ಚಿತ್ರ ಮಸುಕು. ಮರಗಳೆಲ್ಲ ಹೂಕೋಸಿನಂತೆ ಕಾಣುತ್ತವೆ. ಇಬ್ಬರು ಆಡುವಾಗ ಪರದೆ ಎರಡು ಪಾಲಾಗುತ್ತದೆ, ಅಣ್ಣತಮ್ಮಂದಿರ ಹೊಲದ ಹಾಗೆ. ಆದರೆ ದಾರಿಯಲ್ಲಿ ಸಿಗುವ ಪೆಟ್ಟಿಗೆಗಳಿವೆಯಲ್ಲ, ಅವೇ ಆಟದ ಪ್ರಾಣ. ಹಿಂದೆ ಬಿದ್ದವನಿಗೆ ಅವುಗಳಲ್ಲಿ ಸಿಡಿಲಿನಂಥ ಅಸ್ತ್ರ, ಮುಂದಿದ್ದವನಿಗೆ ಬರೀ ಎಣ್ಣೆ ಡಬ್ಬಿ. ದುರ್ಬಲರ ಮೇಲೆ ಎಂಥ ಕರುಣೆ! ಇದೇ ಅದರ ಮಹಾಗುಣ ಎಂದು ಕೈಯೆತ್ತಿ ಸಾರಿದೆ.

ನಿರ್ಮಲಾ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು, ಬ್ರೇಕ್ ಎಲ್ಲಿದೆ ಎಂದು. ಬ್ರೇಕ್ ಒತ್ತುವವರು ಈ ಆಟ ಆಡುವುದಿಲ್ಲ ಎಂದು ಬ್ರೇಕಿನ ವ್ಯಾಪಾರಿಯಾದ ನಾನೇ ಹೇಳಿದೆ.

ಅಭ್ಯಾಸಕ್ಕೆಂದು ಒಂದು ಸುತ್ತು ಆಡಿದೆವು. ಆಟದಲ್ಲಿ ಕಾರು ಓಡಿಸುವುದು ಪ್ರಾಣಿಗಳು; ನಾನು ಭಾರಿ ವೇಗದ ದಪ್ಪ ಕರಡಿಯನ್ನು ಆರಿಸಿಕೊಂಡೆ, ಅವಳು ಅಳಿಲನ್ನು. ಅಳಿಲು ಗೋಡೆಗೆ ಗುದ್ದಿತು, ಹಳ್ಳಕ್ಕೆ ಬಿತ್ತು, ಉಲ್ಟಾ ದಿಕ್ಕಿಗೆ ಓಡಿತು. ನಾನು ನಗುತ್ತಾ ಗುರಿಯ ಗೆರೆಯ ಹತ್ತಿರ ಬಂದಿದ್ದೆ. ಅಷ್ಟರಲ್ಲಿ ಕಟ್ಟಕಡೆಯಲ್ಲಿದ್ದ ಅವಳಿಗೆ ಸಿಡಿಲು ಸಿಕ್ಕಿತು. ನನ್ನ ಕರಡಿ ಇಲಿಯಷ್ಟಾಗಿ ಗಿರಗಿರ ತಿರುಗುತ್ತಿರುವಾಗ ಅಳಿಲು ನಿಧಾನವಾಗಿ ಪಕ್ಕದಲ್ಲಿ ಹಾದು ಗೆದ್ದುಬಿಟ್ಟಿತು.

ಇದು ಆಟದಲ್ಲಿರುವ ದೊಡ್ಡ ದೋಷ, ಕಷ್ಟಪಟ್ಟು ಮುಂದೆ ಬಂದವನಿಗೆ ಅನ್ಯಾಯ ಎಂದೆ.

"ಅಲ್ರೀ, ನೀವು ಹಿಂದಿದ್ರ ಅದು ಗುಣ, ಮುಂದಿದ್ರ ದೋಷ. ಹಂಗೇನು?" ಎಂದು ಕೇಳಿದಳು.

ಅಭ್ಯಾಸದ ಗೆಲುವು ಲೆಕ್ಕಕ್ಕಿಲ್ಲ ಎಂದು ನಿಜವಾದ ಪಂದ್ಯ ಶುರು ಮಾಡಿದೆ.

ಇಲ್ಲಿ ನಮ್ಮ ನಡುಮನೆಯ ಭೂಗೋಳ ಹೇಳಬೇಕು. ಬೆಳಿಗ್ಗೆ ನಿರ್ಮಲಾ ವರ್ಷದ ಖಾರದ ಪುಡಿಯನ್ನು ಗಿರಣಿಯಲ್ಲಿ ಬೀಸಿಸಿ ತಂದು, ಬಿಸಿ ಆರಲೆಂದು ನನ್ನ ಎಡಗಡೆ ಹಳೆಯ ಧೋತರದ ಮೇಲೆ ಹರಡಿದ್ದಳು. ಫ್ಯಾನು ಸಣ್ಣಗೆ ತಿರುಗುತ್ತಿತ್ತು. ಇನ್ನೊಂದು ಸಂಗತಿ, ಈ ಆಟ ಆಡುವ ಯಾರೂ ನೆಟ್ಟಗೆ ಕೂರುವುದಿಲ್ಲ. ಕಾರು ತಿರುಗಿದತ್ತ ಮೈಯೂ ತಿರುಗುತ್ತದೆ. ಆಟವನ್ನು ಮಾಡಿದವರು ಇದಕ್ಕೇನೂ ಪರಿಹಾರ ಕಂಡುಹಿಡಿದಿಲ್ಲ.

ಕೊನೆಯ ಸುತ್ತು. ನಾನು ಮುಂದೆ, ಅಳಿಲು ನನ್ನ ಬೆನ್ನಿಗೇ ಇತ್ತು. ಕೊನೆಯ ತಿರುವು ಎಡಕ್ಕೆ, ಬಹಳ ಕಡಿದಾದದ್ದು. ಜಾರುವ ಬಟನ್ ಒತ್ತಿ ಎಡಕ್ಕೆ ವಾಲಿದೆ. ಕರಡಿ ಇನ್ನಷ್ಟು ವಾಲಿತು, ನಾನೂ ಇನ್ನಷ್ಟು ವಾಲಿದೆ. ಕರಡಿ ತಿರುವು ದಾಟಿತು. ನಾನು ದಾಟಲಿಲ್ಲ. ಮುಖ ಕೆಳಗಾಗಿ ಸೀದಾ ಧೋತರದ ಮೇಲೆ ಬಿದ್ದೆ. ಕಾರಿನ ಪಂದ್ಯ ಖಾರದ ಪಂದ್ಯವಾಯಿತು!

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಊರಿಂದೂರಿಗೆ ಹೇಳಿಕೊಂಡು ತಿರುಗಿದವನು ನಾನು. ಕಣ್ಣಿನಿಂದ ರುಚಿ ನೋಡಿ ಹೇಳಿದ ಮಾತಲ್ಲ ಅದು. ಕುರುಡಾಗಿ ಎದ್ದು, ಫ್ಯಾನು ನಿಲ್ಲಿಸಲು ಗೋಡೆ ತಡಕಿ ರೆಗ್ಯುಲೇಟರ್ ತಿರುಗಿಸಿದೆ. ಅದು ನಿಲ್ಲಲಿಲ್ಲ, ಪೂರಾ ಜೋರಾಯಿತು. ಮನೆಯೆಲ್ಲ ಕೆಂಪು ಮೋಡ ಎದ್ದಿತು. ಮುಖ ಒರೆಸಲು ಕಿಟಕಿಯ ಪರದೆ ಎಳೆದರೆ ಅದರ ಸರಳು ಕಳಚಿ ನನ್ನ ತಲೆಗೇ ಬಿತ್ತು. ಕೊನೆಗೆ ನಿರ್ಮಲಾ ಸೀನುತ್ತಾ ಬಂದು, ರಟ್ಟೆ ಹಿಡಿದು ಬಚ್ಚಲಿಗೆ ಎಳೆದೊಯ್ದು ಕೊಡಗಟ್ಟಲೆ ನೀರು ಸುರಿದಳು.

ಉರಿ ಇಳಿಯಲಿಲ್ಲ. ಹಾವೇರಿಯ ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕಾಯಿತು. ಕಾರು ಓಡಿಸುವವರು ಯಾರು? ನನ್ನ ಅಂಗಿಯ ಜೇಬಿನಿಂದ ಕೀಲಿಯನ್ನು ಅವಳೇ ತೆಗೆದುಕೊಂಡಳು. ಒಪ್ಪಿಗೆ ಕೇಳಲಿಲ್ಲ, ನಾನೂ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಪಕ್ಕದಲ್ಲಿ ಕುಳಿತೆ. ಕಣ್ಣು ಹೋದರೂ ವಾಹನಶಾಸ್ತ್ರ ಹೋಗಿರಲಿಲ್ಲ. ಗೇರ್ ಹಾಕು, ಹಾರ್ನ್ ಹೊಡೆ, ಬ್ರೇಕ್ ಒತ್ತು ಎಂದು ಮಾರ್ಗದರ್ಶನ ಮಾಡತೊಡಗಿದೆ.

"ಸುಮ್ನ ಕುಂದರ್ರಿ. ಗಾಡಿ ಇನ್ನೂ ಅಂಗಳದಾಗ ಐತಿ," ಎಂದಳು.

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಹತ್ತಿದ್ದು ಲಾರಿಗಳ ಸದ್ದಿನಿಂದ ತಿಳಿಯಿತು. ಗಾಡಿ ಒಮ್ಮೆಯೂ ಜಗ್ಗಲಿಲ್ಲ, ಕುಲುಕಲಿಲ್ಲ. ನನ್ನ ಕೈಯಲ್ಲಿ ಆ ಕಾರು ಹಾಗೆ ಹೋದ ನೆನಪು ನನಗಿಲ್ಲ. ಆದರೂ ಹಕ್ಕು ಬಿಟ್ಟುಕೊಡದೆ, ನಾನು ಬೀಳುವಾಗ ಮುಂದಿದ್ದೆ, ಆದ್ದರಿಂದ ಪಂದ್ಯ ರದ್ದು, ಕೀಲಿ ನನ್ನದೇ ಎಂದು ವಾದಿಸಿದೆ. ಅವಳು ಹಾರ್ನ್ ಹೊಡೆದು ಗೇರ್ ಬದಲಿಸಿದಳು. ವಾದ ಗೆದ್ದೆ ಎಂದುಕೊಂಡೆ.

ಡಾಕ್ಟರ್ ತರನ್ನುಮ ನನ್ನನ್ನು ಮಲಗಿಸಿ, ರೆಪ್ಪೆ ಬಿಡಿಸಿ, ಕಣ್ಣಿಗೆ ನೀರಿನ ಧಾರೆ ಬಿಡುತ್ತಾ ಹೇಗಾಯಿತು ಎಂದು ವಿಚಾರಿಸಿದರು. ನಿರ್ಮಲಾ ಕರಡಿಯಿಂದ ಹಿಡಿದು ಖಾರದ ಪುಡಿಯವರೆಗೆ ಎಲ್ಲ ಹೇಳಿದಳು. ಕಣ್ಣಿಗೇನೂ ಅಪಾಯವಿಲ್ಲ, ಸಂಜೆಯೊಳಗೆ ಉರಿ ಇಳಿಯುತ್ತದೆ ಎಂದು ಡಾಕ್ಟರ್ ಧೈರ್ಯ ತುಂಬಿದರು. ಆಮೇಲೆ ಅವಳನ್ನು ಮೆಚ್ಚಿಕೊಂಡು, "ಇವರು ಬಿದ್ದ ಕೂಡ್ಲೆ ಎಬ್ಬಿಸಿ ನೀರು ಹಾಕಿದ್ದು ಭಾಳ ಚಲೋ ಆತು ನೋಡ್ರಿ," ಎಂದರು.

ನಿರ್ಮಲಾ ಇನ್ನೊಮ್ಮೆ ಸೀನಿದಳು.

"ಖರೇ ಹೇಳ್ತೇನ್ರಿ, ಬಿದ್ದ ಕೂಡ್ಲೆ ಅಲ್ರಿ," ಎಂದಳು. "ಗುರಿಯ ಗೆರಿ ಎದುರಿಗೇ ಇತ್ತು. ಗೆದ್ದ ಮ್ಯಾಲೆ ಎದ್ದೆ."

ಡಾಕ್ಟರ್ ನಕ್ಕರೋ ಇಲ್ಲವೋ ನನಗೆ ಕಾಣಲಿಲ್ಲ. ಕಣ್ಣಿಗೆ ಬೀಳುತ್ತಿದ್ದ ನೀರಿನ ಧಾರೆ ಮಾತ್ರ ಗಡಗಡ ನಡುಗಿ ಕಿವಿಗೆ ಹೋಯಿತು.