ತಾನಾಗೇ ನಿಂತ ಅಕ್ಕಿಕಾಳು

"ಇನ್ನ ಎಂಟು ದಿನ ತಡೀರಿ ಅತ್ತಿ. ಮಧುನ ಅಕ್ಕಿಕಾಳು ಹೆಂಗ ತೋರಸ್ತೇನಿ ನೋಡ್ರಿ. ಮುಕ್ಕೋಟಿ ದೇವ್ರು ರಾಮದುರ್ಗದ ಬಸ್ ಹಿಡದು ನೋಡಾಕ ಬರಬೇಕು, ಹಂಗ!"

ಕಲ್ಮೇಶ ಎದೆ ತಟ್ಟಿಕೊಂಡು ಈ ಮಾತು ಕೊಟ್ಟಿದ್ದು 2004ರ ಮೇ ತಿಂಗಳಲ್ಲಿ. ಕೊಡದೆ ಗತಿಯಿರಲಿಲ್ಲ, ತಪ್ಪು ಅವನದೇ. ರಾಮದುರ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಅವನು ಹೆಂಡತಿ ಸಪ್ನಾಳ ತಂಗಿ ಮಧುವಿನ ಮದುವೆಗೆ ತಾನೇ ವಿಡಿಯೋ ತೆಗೆದಿದ್ದ. ವಧೂವರರ ಮೇಲೆ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ಹೊತ್ತಿಗೆ ಅತ್ತೆ ರಾಚವ್ವ ಅಡುಗೆಯವರನ್ನು ಬಿಟ್ಟು, ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದಿದ್ದಳು. ಬಂದರೆ ಮುಂದೆ ಅಳಿಯನ ಅಗಲವಾದ ಬೆನ್ನು, ಹೆಗಲ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಕಣ್ಣು ಕುಕ್ಕುವ ಲೈಟು. ಬಾಜಾ ಜೋರಾಯಿತು, ಅಕ್ಕಿ ಬಿತ್ತು, ಮುಗಿದೇ ಹೋಯಿತು.

"ಹಡದಾಕಿ ನಾನು. ಊರ ಮಂದಿ ಎಲ್ಲಾ ಮಗಳ ಅಕ್ಕಿಕಾಳು ನೋಡಿದ್ರು, ನಾ ಅಳ್ಯಾರ ಅಂಗಿ ನೋಡಿದೆ" ಎಂದು ಆಕೆ ಅಂದು ಹೇಳಿದ್ದು ಕಲ್ಮೇಶನ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತ್ತು.

ಪ್ರಾಯಶ್ಚಿತ್ತವೆಂದರೆ ಅಂಥಿಂಥದಲ್ಲ. ಹುಬ್ಬಳ್ಳಿಗೆ ಹೋಗಿ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ತರುವುದು! ಮಧು ಕಮಲದೊಳಗಿಂದ ಎದ್ದು ಬರಬೇಕು, ಮದುಮಗ ತೊರಗಲ್ ಕೋಟೆಯ ಮೇಲಿಂದ ತೇಲಿ ಇಳಿಯಬೇಕು. ಇಷ್ಟು ದಿನ ಕಂಪ್ಯೂಟರಿನ ಅಂಗೈಯಗಲದ ಕಿಟಕಿಯಲ್ಲಿ ಇಣುಕಿ ಮಾಡುತ್ತಿದ್ದ ವಿಡಿಯೋ ಮಿಕ್ಸಿಂಗು ಇನ್ನು ಟೀವಿಯ ತುಂಬ ಹರಿಯಬೇಕು.

ಅಂಗಡಿಯವ ಕಾರ್ಡನ್ನು ಕೈಗಿಡುವ ಮೊದಲು ಒಂದೇ ಒಂದು ಮಾತು ಕೇಳಿದ: "ನಿಮ್ಮ ಕಂಪ್ಯೂಟರಿನ ಪ್ರೊಸೆಸರ್ ಯಾವಾಗಿಂದರಿ? ಭಾಳ ಹಳೇದಿದ್ರ ಇದಕ್ಕ ಸಾಥ್ ಕೊಡೂದಿಲ್ಲ."

ಅದು 1999ರದ್ದು. ಆದರೆ ಪಕ್ಕದಲ್ಲಿ ಬೈಲಹೊಂಗಲದ ಇನ್ನೊಬ್ಬ ಸ್ಟುಡಿಯೋದವ ಕಿವಿ ನಿಮಿರಿಸಿ ನಿಂತಿದ್ದ. ವರನ ವಯಸ್ಸು ಕೇಳಿದಾಗ ನಮ್ಮ ಕಡೆಯ ಹಿರಿಯರು ಏನು ಮಾಡುತ್ತಾರೋ ಕಲ್ಮೇಶನೂ ಅದನ್ನೇ ಮಾಡಿದ.

"ಹೋದ ವರ್ಷದ್ದರಿ" ಎಂದ.

ಮನೆಗೆ ತಂದ ಕಾರ್ಡು ದೇವರ ಜಗಲಿಯ ಮೇಲೆ ಕೂತಿತು. ಕೆಂಪು ಹಲಗೆ, ಚಿನ್ನದ ಹಲ್ಲು, ನಡುವೆ ಪುಟ್ಟ ಫ್ಯಾನು. ಓಣಿಯವರು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಸಪ್ನಾ ಬಹಳ ಹೊತ್ತು ನೋಡಿದಳು.

"ಇದಕ್ಕ ಸ್ವಂತ ಫ್ಯಾನ್ ಐತಿ?"

"ಮತ್ತ! ದುಡಿಯೂ ಮುಂದ ಕಾದು ಬಿಸಿ ಆಕ್ಕೈತಿ, ಪಾಪ."

"ಹತ್ತು ವರ್ಷ ಆತು, ನಾ ಅಡಿಗಿ ಮನ್ಯಾಗ ಕಾಯಾಕತ್ತೇನಿ. ನನಗ್ಯಾರೂ ಫ್ಯಾನ್ ಹಚ್ಚಲಿಲ್ಲ."

ಕಲ್ಮೇಶ ಕಾರ್ಡನ್ನು ತಕ್ಷಣ ಕಂಪ್ಯೂಟರಿನ ಡಬ್ಬಿಯೊಳಗೆ ಕೂರಿಸಿದ. ಚಾಲೂ ಮಾಡಿ ನೋಡಲು ಸಪ್ನಾ ಬಿಡಲಿಲ್ಲ. "ಹಿರ್ಯಾರ ಕೈಯಾಗ ಪೂಜಿ ಆಗದ ಹೊಸಾ ಸಾಮಾನಕ್ಕ ಕರೆಂಟ್ ಕೊಡ್ತಾರೇನ್ರಿ? ರವಿವಾರ ಅಪ್ಪ ಬರ್ತಾನ, ಕಾಯಿ ಒಡೀಲಿ" ಎಂದಳು. ಹೀಗಾಗಿ ಒಂದು ಸಲವೂ ಪರೀಕ್ಷೆ ಮಾಡದ ಯಂತ್ರ ಎಲ್ಲರೆದುರು ಒಮ್ಮೆಲೇ ರಂಗಕ್ಕೆ ಇಳಿಯುವುದು ನಿಶ್ಚಯವಾಯಿತು.

ರವಿವಾರ ತೊರಗಲ್‌ನಿಂದ ಅತ್ತೆ ಮಾವ ಬಂದರು. ಮಾವ ನಿಜಗುಣಪ್ಪ ಕಂಪ್ಯೂಟರಿಗೆ ವಿಭೂತಿ ಹಚ್ಚಿ ಕಾಯಿ ಒಡೆದ. ರಾಚವ್ವ ಟೀವಿಯ ಮುಂದೆ ಚಾಪೆಯ ಮೇಲೆ, ಹೊಸ ಸೀರೆ ಉಟ್ಟು, ಮದುವೆಗೇ ಬಂದವಳ ಹಾಗೆ ಕೂತಳು. ಕಲ್ಮೇಶ ಗುಂಡಿ ಒತ್ತಿದ.

ಕಮಲ ಅರಳಿತು. ಆಹಾ, ಏನು ಬಣ್ಣ! ಕಲ್ಮೇಶನಿಗೇ ಮೈ ಜುಮ್ಮೆಂದಿತು. ಅರ್ಧ ಅರಳಿದ ಕಮಲ ಅಲ್ಲೇ ನಿಂತಿತು. ಮತ್ತೆ ಒಂದು ಎಸಳು ಬಿಚ್ಚಿತು, ಮತ್ತೆ ನಿಂತಿತು. ಧ್ವನಿ ಮಾತ್ರ ಯಾರಿಗೂ ಕಾಯದೆ ಮುಂದೆ ಹೋಯಿತು. ಚಿತ್ರದಲ್ಲಿ ಮದುಮಗ ಇನ್ನೂ ಕೋಟೆಯಿಂದ ಇಳಿಯುತ್ತಿದ್ದ, ಧ್ವನಿ ಆಗಲೇ ಪಂಕ್ತಿಯಲ್ಲಿ ಕೂತು "ಬದನೀಕಾಯಿ ಪಲ್ಯ ಈ ಕಡೆ ತರ್ರಿ" ಎನ್ನುತ್ತಿತ್ತು.

ನಿಜಗುಣಪ್ಪ ಜೀವಮಾನವಿಡೀ ಎತ್ತು ಸಾಕಿದವನು. ಅಳಿಯನ ಕಡೆ ತಿರುಗಿದ.

"ಅಳ್ಯಾರ, ಈ ಡಬ್ಬಿ ಒಳಗ ಹೊಸಾದು ಯಾವದು, ಹಳೇದು ಯಾವದು?"

"ಚಿತ್ರ ಬಿಡಸೂ ಕಾರ್ಡು ಹೊಸಾದ್ರಿ ಮಾವಾರ. ಅದಕ್ಕ ಕೆಲಸ ಹೇಳಿ ಕೊಡೂ ಪ್ರೊಸೆಸರ್ ಸ್ವಲ್ಪ... ಹಳೇದರಿ."

"ಅಂದ್ರ ಹರೇದ ಹೋರಿ ಸಂಗಾಟ ಮುದಿ ಎತ್ತು ಹೂಡೀರಿ. ಹೊಲದಾಗಿನ ಕುಂಟಿ ಯಾರ ನಡಿಗಿಗೆ ನಡೀತೈತಿ?"

"ಮುದಿ ಎತ್ತಿಂದರಿ."

"ಮತ್ತ ಹೋರಿ ಯಾಕ ತಂದ್ರಿ?"

ಭೂಮಿ ಬಾಯಿ ಬಿಡಬಾರದೇ ಎನಿಸಿತು ಕಲ್ಮೇಶನಿಗೆ. ಅಷ್ಟರಲ್ಲಿ ಅಕ್ಕಿಕಾಳಿನ ದೃಶ್ಯ ಬಂತು. ಬಂದದ್ದೇ ಗಟ್ಟಿಯಾಗಿ ನಿಂತುಬಿಟ್ಟಿತು. ಧ್ವನಿ ಊಟ ಮುಗಿಸಿ ಕೈ ತೊಳೆದು ಸುಮ್ಮನಾಗಿತ್ತು. ಅವನು ಅವಸರದಿಂದ ಕೀಬೋರ್ಡಿಗೆ ಕೈ ಹಾಕಿದ.

"ಮುಟ್ಟಬ್ಯಾಡ್ರಿ" ಎಂದಳು ರಾಚವ್ವ.

ಆಕೆ ಎದ್ದು ಟೀವಿಯ ಹತ್ತಿರ ಹೋಗಿದ್ದಳು. ಹಳದಿ ಅಕ್ಕಿಯ ಒಂದೊಂದು ಕಾಳೂ ಗಾಳಿಯಲ್ಲಿ ಹಾಗೇ ನಿಂತಿತ್ತು. ಅದರ ಕೆಳಗೆ ಮಧು, ಬಾಸಿಂಗದಡಿಯ ಕಣ್ಣು ಮೇಲೆತ್ತಿ, ಕ್ಯಾಮೆರಾದ ಹಿಂದೆ ಯಾರನ್ನೋ ಅರಸುತ್ತಿದ್ದಳು.

"ನನ್ನ ಹುಡುಕ್ಯಾಳ" ಎಂದಳು ರಾಚವ್ವ ಮೆಲ್ಲಗೆ. "ಅಷ್ಟು ಮಂದ್ಯಾಗ ನನ್ನ ಕೂಸು ನನ್ನ ಹುಡುಕ್ಯಾಳ."

ಕಲ್ಮೇಶ ಆ ದೃಶ್ಯವನ್ನು ಇಪ್ಪತ್ತು ಸಲ ಕತ್ತರಿಸಿ ಜೋಡಿಸಿದ್ದ, ಮಧುವಿನ ಕಣ್ಣನ್ನು ಒಂದು ಸಲವೂ ಕಂಡಿರಲಿಲ್ಲ. ಈಗ ಕಂಡು ಕೀಬೋರ್ಡಿನಿಂದ ಕೈ ತೆಗೆದ. ರಾಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಪರದೆಗೆ ಕೈ ಮುಗಿದಳು. ಚಿತ್ರ ಪೂರಾ ಐದು ನಿಮಿಷ ಕದಲಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಕಲ್ಮೇಶ ಮನುಷ್ಯನಾಗುತ್ತಿದ್ದ. ಆದರೆ ಮಾವನೆದುರು ಹೋದ ಮಾನ ಕೆರೆಯತೊಡಗಿತು. ಮರುವಾರವೇ ಡಬ್ಬಿ ಹೊತ್ತು ಹುಬ್ಬಳ್ಳಿಗೆ ಹೋಗಿ, ಅಂಗಡಿಯವನೆದುರು ನಿಜವಾದ ವಯಸ್ಸು ಒಪ್ಪಿಕೊಂಡು, ಹಳೆಯ ಪ್ರೊಸೆಸರನ್ನು ಬಿಟ್ಟುಕೊಟ್ಟು ಹೊಸದನ್ನು ಹಾಕಿಸಿಕೊಂಡು ಬಂದ. ಅತ್ತೆ ಮಾವನಿಗೆ ಮತ್ತೆ ಕರೆ ಹೋಯಿತು.

ಈ ಸಲ ಕಮಲ ಬೆಣ್ಣೆಯಷ್ಟು ನಯವಾಗಿ ಅರಳಿತು. ಮದುಮಗ ಕೋಟೆಯಿಂದ ಹದ್ದಿನಂತೆ ಇಳಿದ. ಅಕ್ಕಿಕಾಳು ಬಿತ್ತು, ಬಾಜಾ ಮೊಳಗಿತು, ಎಲ್ಲರೂ ಊಟಕ್ಕೆ ಹೋದರು. ನಿಜಗುಣಪ್ಪ ಮೀಸೆಯಡಿಯಲ್ಲಿ ನಕ್ಕು ತಲೆದೂಗಿದ. ಕಲ್ಮೇಶ ಹೆಮ್ಮೆಯಿಂದ ಅತ್ತೆಯ ಕಡೆ ನೋಡಿದ.

"ಅಕ್ಕಿಕಾಳು ಯಾವಾಗ ಬರ್ತೈತ್ರಿ?" ಎಂದಳು ರಾಚವ್ವ.

"ಬಂದು ಹೋತ್ರಿ ಅತ್ತಿ."

ಆಕೆಯ ಮುಖ ಬಾಡಿತು. ಕಲ್ಮೇಶ ಗಡಬಡಿಸಿ ಹಿಂದೆ ಓಡಿಸಿ, ಸರಿಯಾಗಿ ಅದೇ ಜಾಗದಲ್ಲಿ ಚಿತ್ರವನ್ನು ನಿಲ್ಲಿಸಿದ. ಅವೇ ಕಾಳು, ಅವೇ ಕಣ್ಣು. ರಾಚವ್ವ ನೋಡಿ ತಲೆಯಾಡಿಸಿದಳು.

"ಇದು ನೀವು ನಿಲ್ಲಿಸಿದ್ದು ಅಳ್ಯಾರ. ಅವತ್ತು ಅದು ತಾನಾಗೇ ನಿಂತಿತ್ತು. ಹಡದಾಕಿ ನೋಡಲಿ ಅಂತ ಅದಕ್ಕ ತಿಳದಿತ್ತು."

ಸಪ್ನಾ ಫೋನನ್ನು ತಂದು ಗಂಡನ ತೊಡೆಯ ಮೇಲಿಟ್ಟಳು. ಹುಬ್ಬಳ್ಳಿಯ ಅಂಗಡಿಯವ ಎತ್ತಿದ. ಬಿಟ್ಟು ಬಂದ ಹಳೆಯ ಪ್ರೊಸೆಸರ್ ಇನ್ನೂ ಇದೆಯೇ, ವಾಪಸು ಸಿಕ್ಕೀತೇ ಎಂದು ಕಲ್ಮೇಶ ದನಿ ತಗ್ಗಿಸಿ ಕೇಳಿದ.

"ಯಾಕ್ರಿ, ಹೊಸಾದು ಕೆಟ್ಟತೇನು?"

"ಇಲ್ಲರಿ" ಎಂದ ಕಲ್ಮೇಶ. "ಭಾಳ ಚೊಲೊ ಓಡಾಕತ್ತೈತಿ. ಅದಕ್ಕ ಕೇಳಾಕತ್ತೇನಿ."