ತಾಮ್ ಅತ್ತೆಯನ್ನು ನಡುವೆ ನಿಲ್ಲಿಸಿದ ಕ್ಯಾಮೆರಾದವರಿಗೆ

ಮಾನ್ಯರೇ,

ಸಾ ದೆಕ್ ಪಟ್ಟಣದ ಹೂತೋಟಗಳ ನಡುವೆ, ನನ್ನ ಅಂಗಿಯ ಜೇಬಿನಲ್ಲಿ ಬೆಳ್ಳಿ ಬಣ್ಣದ ಮೈ ಸವೆಸಿಕೊಂಡು, ಬ್ಯಾಟರಿಯ ಮುರುಕು ಮುಚ್ಚಳಕ್ಕೆ ರಬ್ಬರ್ ಬ್ಯಾಂಡನ್ನೇ ನಡುಪಟ್ಟಿಯಾಗಿ ಧರಿಸಿ ವಾಸಿಸುತ್ತಿರುವ ತಮ್ಮ ಪಾದಗಳಿಗೆ, ಪಾದಗಳಿಲ್ಲದ್ದರಿಂದ ಸ್ಟ್ಯಾಂಡ್ ಕೂಡಿಸುವ ತೂತಿಗೆ, ವೋ ಥಾನ್ ಲಿಯೆಮ್ ಎಂಬ ನಾನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ಕ್ಷೇಮವಲ್ಲದಿದ್ದರೆ ತಮ್ಮ ಲೆನ್ಸು ಬಾತುಕೋಳಿಯ ಹಾಗೆ ಕಿರುಚಿ, ಅರ್ಧಕ್ಕೇ ಹೊರಬಂದು ನಿಂತು, ಆ ಸಂಗತಿಯನ್ನು ತಾವೇ ಊರಿಗೆಲ್ಲ ತಿಳಿಸುತ್ತಿದ್ದಿರಿ.

ಮೊದಲು ತಮ್ಮ ಗುಣಗಾನ. ಊರಿನ ಮಂದಿಯ ಕೈಯಲ್ಲಿರುವ ಫೋನುಗಳು ಬೆರಳು ತಾಗಿದ ಕೂಡಲೇ ಚಿತ್ರ ತೆಗೆದುಬಿಡುವಂಥ ಅವಸರದ ಜೀವಿಗಳು. ತಾವು ಹಾಗಲ್ಲ. ಗುಂಡಿ ಒತ್ತಿದ ಮೇಲೆ ತಾವು ಒಮ್ಮೆ ಉಸಿರೆಳೆದುಕೊಂಡು, ತೆಗೆಯಲೋ ಬೇಡವೋ ಎಂದು ಹಿರಿಯರ ಹಾಗೆ ಆಲೋಚಿಸಿ, ಆಮೇಲೆ ತೆಗೆಯುತ್ತೀರಿ. ಈ ಕಾರಣದಿಂದ ಮಿಂಚುಳ್ಳಿ ಕೂತಿದ್ದ ಕೊಂಬೆಗಳ ಸಂಗ್ರಹ ನನ್ನಲ್ಲಿರುವಷ್ಟು ದೊಡ್ಡದು ಇಡೀ ಪ್ರಾಂತ್ಯದಲ್ಲಿ ಬೇರೆಯವರಲ್ಲಿ ಇರಲಾರದು. ಪಗೋಡದಲ್ಲಿ ಬುದ್ಧನ ಚಿತ್ರ ತೆಗೆದಾಗ 'ಯಾರೋ ಕಣ್ಣು ಮುಚ್ಚಿದ್ದಾರೆ, ಮತ್ತೆ ತೆಗೆಯಿರಿ' ಎಂದು ಎಚ್ಚರಿಸಿದ ತಮ್ಮ ಕರ್ತವ್ಯನಿಷ್ಠೆಯನ್ನು ಅಲ್ಲಿನ ಭಿಕ್ಷುಗಳು ಈಗಲೂ ನೆನೆಯುತ್ತಾರೆ. ಇನ್ನು ರಬ್ಬರ್ ಬ್ಯಾಂಡ್ ಸಡಿಲವಾಗಿ ಬ್ಯಾಟರಿ ಕದಲಿದಾಗಲೆಲ್ಲ ತಾವು ತಮ್ಮ ಹುಟ್ಟಿದ ದಿನವಾದ ಎರಡು ಸಾವಿರದ ಏಳರ ಜನವರಿ ಒಂದಕ್ಕೆ ಮರಳಿ, ಅದನ್ನೇ ಪ್ರತಿ ಚಿತ್ರದ ಮೂಲೆಯಲ್ಲಿ ಕಿತ್ತಳೆ ಅಂಕಿಗಳಲ್ಲಿ ಬರೆಯುತ್ತೀರಿ. ತಮ್ಮನ್ನು ನಂಬಿದರೆ ಆ ಒಂದೇ ದಿನ ನಮ್ಮೂರಲ್ಲಿ ಪ್ರವಾಹ ಬಂದು, ಇಳಿದು, ಹಲವು ಮದುವೆಗಳಾಗಿ, ಆ ಮದುವೆಗಳ ಮಕ್ಕಳೂ ಶಾಲೆಗೆ ಹೋಗಿದ್ದಾರೆ.

ಇಂಥ ನಮ್ಮಿಬ್ಬರ ಕಲೆಯನ್ನು ಮೆಚ್ಚುವವರು ಲೋಕದಲ್ಲಿ ಒಬ್ಬರೇ ಇದ್ದರು: ನನ್ನ ತಂದೆಯ ತಂಗಿ, ಸೇವಂತಿಗೆ ಬೆಳೆಯುವ ತಾಮ್ ಅತ್ತೆ. ನಾನು ಆಲ್ಬಮ್ ಹಿಡಿದು ಹೋದರೆ ನನ್ನ ಹೆಂಡತಿ ದಿಯೆಪ್ ಒಲೆಯ ಕಡೆ ಮುಖ ತಿರುಗಿಸುತ್ತಿದ್ದಳು, ಅತ್ತೆ ಮಾತ್ರ ಒಂದೊಂದು ಚಿತ್ರವನ್ನೂ ಮೂಗಿಗೆ ತಾಗಿಸಿಕೊಂಡು "ಏನ್ ಚೆಂದ ತೆಗ್ದಿದೀಯೋ ಲಿಯೆಮ್, ಎದುರಿಗೇ ನಿಂತು ನೋಡಿದ್ ಹಾಗೇ ಇದೆಯಲ್ಲೋ!" ಎನ್ನುತ್ತಿದ್ದರು.

ಆದರೆ ಈ ಸಲ ಹೊಸವರ್ಷದ ತೇತ್ ಹಬ್ಬಕ್ಕೆ ಸರಿಯಾಗಿ ಹೂ ಬಿಡಲೆಂದು ಹಳದಿ ಹೂವಿನ ಮಾಯ್ ಮರದ ಎಲೆ ಕೀಳಲು ಕೂತ ಅತ್ತೆ, ಎಲೆಗಳ ಜೊತೆ ಮೊಗ್ಗುಗಳನ್ನೂ ಬುಟ್ಟಿಗೆ ತುಂಬಿದರು. ಹಬ್ಬದ ದಿನ ಅಂಗಳದಲ್ಲಿ ಮರ ಬೋಳಾಗಿ ನಿಂತಿತ್ತು. ಕಣ್ಣಿನ ಪೊರೆ ತೆಗೆಸದಿದ್ದರೆ ಮುಂದಿನ ಹಬ್ಬಕ್ಕೆ ಕತ್ತಲೆಯೇ ಗತಿ ಎಂದು ಆಸ್ಪತ್ರೆಯವರು ಹೇಳಿದರು. ಅತ್ತೆ ಬಹಳ ಹೆದರಿ, ಕೊನೆಗೆ ಒಪ್ಪಿದರು. ಹೊರಡುವ ಮುನ್ನ ಒಂದು ಫೋಟೋ ಇರಲಿ ಎಂದರು. ತಮ್ಮಂಥವರಿಂದಲೇ ತೆಗೆಸಬೇಕೆಂದು ನಾನು ಹಟ ಹಿಡಿದೆ.

ಈಗ ದೂರಿಗೆ ಬರುತ್ತೇನೆ. ನಮ್ಮಲ್ಲಿ ಒಂದು ಚಿತ್ರದಲ್ಲಿ ಮೂವರೇ ನಿಲ್ಲುವುದಿಲ್ಲ, ನಿಂತರೆ ನಡುವಿನವರು ಮೊದಲು ತೀರಿಹೋಗುತ್ತಾರೆ ಎಂಬುದು ಮಕ್ಕಳಿಗೂ ಗೊತ್ತು. ಅದಕ್ಕೆಂದೇ ಲೆಕ್ಕ ಹಾಕಿ ನಾಲ್ವರನ್ನು ನಿಲ್ಲಿಸಿದ್ದೆ: ದಿಯೆಪ್, ಪಕ್ಕದಲ್ಲಿ ಅತ್ತೆ, ಆಮೇಲೆ ನೆರೆಮನೆಯವಳು, ತುದಿಯಲ್ಲಿ ಅವಳ ಗಂಡ, ಹು ತಿಯೂ ಶ್ಯಾವಿಗೆ ಮಾರುವ ತೊಯಾನ್. ನಾನು ಗುಂಡಿ ಒತ್ತಿದೆ. ತಾವು ಆಲೋಚನೆಗೆ ಕೂತಿರಿ. ಅಷ್ಟರಲ್ಲಿ ತೊಯಾನ್ "ಅಯ್ಯೋ, ಸಾರು ಉಕ್ತು!" ಎಂದು ಅಂಗಡಿಗೆ ಓಡಿದ. ಅವನು ಹೋದದ್ದನ್ನು ಖಚಿತಪಡಿಸಿಕೊಂಡ ಮೇಲೆ ತಾವು ಕ್ಲಿಕ್ ಎಂದಿರಿ.

ತೊಯಾನ್ ಸೌಟು ಹಿಡಿದೇ ಮರಳಿ ಬಂದು ತಮ್ಮ ಪರದೆಗೆ ಇಣುಕಿ, "ಅತ್ತೇ, ನೀವೇ ನಡುವೆ ಬಂದ್ಬಿಟ್ರಲ್ಲ!" ಎಂದು ಮನೆಮುಂದಿನ ಕಾಲುವೆಯ ಉದ್ದಕ್ಕೂ ಕೇಳುವಂತೆ ಸಾರಿದ. ಅತ್ತೆ ಕುಸಿದು ಕೂತರು. ಇನ್ನೊಂದು ತೆಗೆಯೋಣವೆಂದರೆ ತಾವು ಬ್ಯಾಟರಿ ಮುಗಿಯಿತೆಂದು ಕಣ್ಣು ಮುಚ್ಚಿದಿರಿ. ಅಳಿಸಿಬಿಡುತ್ತೇನೆಂದರೆ ಅತ್ತೆ, "ಅದ್ರಲ್ಲಿ ನಾನಿದೀನಿ ಕಣೋ, ನನ್ನೇ ಅಳಿಸ್ತೀಯಾ?" ಎಂದು ಕೂಗಿದರು. ಅಂದಿನಿಂದ ಆಸ್ಪತ್ರೆಯ ಮಾತೆತ್ತಿದರೆ ಒಂದೇ ಉತ್ತರ: "ಚೂರಿ ಹಿಡಿದೋನ ಮುಂದೆ ಹೋಗಿ ಮಲಗ್ಲಾ? ನಾನ್ ನಡುವಿನೋಳು."

ಆಸ್ಪತ್ರೆಯವರು ಗೊತ್ತುಮಾಡಿದ ದಿನ ಹತ್ತಿರವಾಗುತ್ತಿತ್ತು. ನಾನು ಸ್ಟುಡಿಯೋಕ್ಕೆ ಹೋಗಿ ಆ ಚಿತ್ರವನ್ನು ದೊಡ್ಡದಾಗಿ ಹಾಕಿಸಿ ತಂದೆ. ಅದರ ಅಂಚಿನಲ್ಲಿ ಓಡುತ್ತಿರುವ ತೊಯಾನನ ಮೊಣಕೈ ಸಿಕ್ಕಿಬಿದ್ದಿತ್ತು. ಅಲ್ಲಿಗೆ ನಾಲ್ವರಾಗಲಿಲ್ಲವೇ ಎಂಬುದು ನನ್ನ ವಾದ.

"ಮೊಣಕೈನೆಲ್ಲ ಮನುಷ್ಯ ಅಂತ ಲೆಕ್ಕ ಹಾಕ್ತಾರೇನೋ?" ಎಂದರು ಅತ್ತೆ. "ಹಾಗಾದ್ರೆ ಇವನ ಶ್ಯಾವಿಗೆ ಬಟ್ಟಲಲ್ಲಿ ಬೀಳೋ ಕೂದಲನ್ನೂ ಒಬ್ಬ ಗಿರಾಕಿ ಅನ್ನು!"

ತೊಯಾನನಿಗೆ ಅವಮಾನವಾಯಿತು. ಮೊಣಕೈ ಎಷ್ಟು ಸ್ಪಷ್ಟವಾಗಿದೆ ನೋಡುತ್ತೇನೆಂದು ಚಿತ್ರವನ್ನು ಕಸಿದುಕೊಂಡವನು, ಮೊಣಕೈ ಬಿಟ್ಟು ಮೂಲೆಯ ಅಂಕಿಗಳನ್ನು ಗಟ್ಟಿಯಾಗಿ ಓದಿದ: "ಎರಡು ಸಾವಿರದ ಏಳು, ಜನವರಿ ಒಂದು."

"ಏನಂದೆ? ಇನ್ನೊಂದ್ಸಲ ಓದು."

ಅವನು ಓದಿದ. ಅತ್ತೆ ವೀಳ್ಯ ಅಗಿಯುವುದನ್ನು ನಿಲ್ಲಿಸಿದರು. "ಅಂದ್ರೆ ಅವತ್ತೇ ನಡುವೆ ನಿಂತೋಳು ಇವತ್ತಿಗೂ ಗಟ್ಟಿಯಾಗಿ ಕೂತಿದೀನಿ!"

"ಅತ್ತೆ, ಆ ತಾರೀಕು..." ಎಂದು ನಾನು ಬಾಯಿ ತೆರೆದದ್ದೇ ತಡ, ದಿಯೆಪ್ ನನ್ನ ಕಾಲ ಮೇಲೆ ತನ್ನ ಭಾರವನ್ನೆಲ್ಲ ಇಟ್ಟಳು.

"ನೀನ್ ಸುಮ್ನಿರೋ. ಮನುಷ್ಯ ಸುಳ್ ಹೇಳ್ತಾನೆ, ಯಂತ್ರಕ್ಕೇನ್ ಬಂದಿದೆ?" ಎಂದರು ಅತ್ತೆ, ಎದ್ದು ಆಸ್ಪತ್ರೆಗೆ ಹೊರಡಲು ಒಳ್ಳೆಯ ಅಂಗಿ ಹುಡುಕುತ್ತಾ. ಅವರಿಗೆ ನಿಜ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಅಷ್ಟು ನೆಪ ಸಾಕಾಗಿತ್ತೋ ನಾನು ಹೇಳಲಾರೆ. ಪೊರೆ ಹೋಯಿತು, ಕಣ್ಣು ಬಂತು.

ಇಲ್ಲಿಗೆ ತಮಗೆ ಧನ್ಯವಾದ ಹೇಳಿ ಮುಗಿಸಬಹುದಿತ್ತು. ಆದರೆ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ಅತ್ತೆ ಮೊದಲು ಕೇಳಿದ್ದು ನನ್ನ ಆಲ್ಬಮ್. ಒಂದು ಹಾಳೆ ತಿರುವಿದರು, ಇನ್ನೊಂದು ತಿರುವಿದರು, ಬಾಗಿಲ ಬೆಳಕಿಗೆ ಹಿಡಿದರು. "ಇದೇನೋ ಇದು, ಎಲ್ಲಾ ಮಂಜು! ಎದುರಿಗೆ ನಿಂತು ನೋಡಿದ್ ಹಾಗಿದೆ ಅಂದಿದ್ನಲ್ಲ, ನಂಗೆ ಲೋಕಾನೇ ಹೀಗ್ ಕಾಣ್ತಿತ್ತು ಕಣೋ! ಪೊರೆ ತೆಗೀರಿ ಅನ್ನೋಕೆ ನಿನ್ ಫೋಟೋ ತೋರ್ಸಿದ್ರೆ ಸಾಕಿತ್ತು, ಡಾಕ್ಟ್ರೇ ಓಡ್ ಬರ್ತಿದ್ರು." ದಿಯೆಪ್ ಒಲೆಯ ಬಳಿಯಿಂದ ಓಡಿಬಂದು ಬಹಳ ಹೊತ್ತು ನಕ್ಕಳು.

ಹೀಗೆ ತಾವು ಒಂದು ತಪ್ಪು ತಾರೀಕಿನಿಂದ ನನ್ನ ಅತ್ತೆಗೆ ಕಣ್ಣು ಕೊಟ್ಟು, ಅದೇ ಏಟಿಗೆ ನನ್ನ ಏಕಮಾತ್ರ ಅಭಿಮಾನಿಯನ್ನು ಕಸಿದುಕೊಂಡಿದ್ದೀರಿ. ಆದ್ದರಿಂದ ವಿನಯಪೂರ್ವಕ ಬೇಡಿಕೆ: ಇನ್ನು ಮುಂದೆ ಗುಂಡಿ ಒತ್ತುವ ಮೊದಲೇ ಚಿತ್ರ ತೆಗೆಯಬೇಕು, ಹಾರಿಹೋದ ಮಿಂಚುಳ್ಳಿಗಳನ್ನೆಲ್ಲ ಆಯಾ ಕೊಂಬೆಗೆ ವಾಪಸು ಕರೆಸಬೇಕು, ಈಗಾಗಲೇ ತೆಗೆದ ಚಿತ್ರಗಳ ಪೊರೆಯನ್ನು ತಾವೇ ಖುದ್ದಾಗಿ ಬಿಡಿಸಬೇಕು. ತಾರೀಕನ್ನು ಮಾತ್ರ ಮುಟ್ಟಬೇಡಿ. ಮುಂದಿನ ತೇತ್‌ಗೆ ಮಾಯ್ ಮರದ ಕೆಳಗೆ ನಡುವೆ ನಿಲ್ಲೋಳು ನಾನೇ ಎಂದು ಅತ್ತೆ ಹೇಳಿದ್ದಾರೆ.

ಜೇಬು ಹರಿದರೂ ತಮ್ಮನ್ನು ಬಿಡದ,
ತಮ್ಮ ವಿಶ್ವಾಸಿ,
ವೋ ಥಾನ್ ಲಿಯೆಮ್

ತಾ.ಕ.: ನಿನ್ನೆ ಅತ್ತೆ ತಮ್ಮನ್ನು ನನ್ನ ಕೈಯಿಂದ ಕಸಿದು ನನ್ನದೇ ಒಂದು ಚಿತ್ರ ತೆಗೆದರು. ಅದರಲ್ಲಿ ನನ್ನ ಮೀಸೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿದೆ. ಹಾಗಾದರೆ ಇಷ್ಟು ವರ್ಷ ಅಲುಗಾಡುತ್ತಿದ್ದವರು ಯಾರು ಎಂಬ ಪ್ರಶ್ನೆಯನ್ನು ದಿಯೆಪ್ ತಮ್ಮ ಬಳಿ ಕೇಳಬಹುದು. ದಯವಿಟ್ಟು ಆ ಹೊತ್ತಿಗೆ ಬ್ಯಾಟರಿ ಮುಗಿಸಿಕೊಳ್ಳಿ.