ಮೊಲದ ಕೊಂಬಿನ ಚಟ್ನಿ

ಕೆಲವು ಗಿಡಗಳು ಯಾಕಿಷ್ಟು ಅಪರೂಪ ಎಂದು ಯಾರಾದರೂ ಕೇಳಿದರೆ ಮೊನ್ನೆಯವರೆಗೂ ನಾನು ಒಂದೇ ಉಸಿರಿನಲ್ಲಿ ಉತ್ತರ ಹೇಳುತ್ತಿದ್ದೆ. ಇಂಥದ್ದೇ ಮಣ್ಣು ಬೇಕೆಂದು ಹಟ ಹಿಡಿಯುವ ಗಿಡ, ಇಂಥದ್ದೇ ನೊಣ ಬಂದು ಕೂತರಷ್ಟೇ ಕಾಯಿ ಕಟ್ಟುವ ಗಿಡ, ಇದ್ದ ಗುಡ್ಡವನ್ನೇ ಜನ ಒಡೆದು ಜಲ್ಲಿ ಮಾಡಿದ್ದರಿಂದ ನೆಲೆ ಕಳೆದುಕೊಂಡ ಗಿಡ. ಬಳ್ಳಾರಿಯ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು, ಇಷ್ಟೂ ಹೇಳದಿದ್ದರೆ ಹೇಗೆ? ಆದರೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಇನ್ನೊಂದು ಕಾರಣ ನಮ್ಮ ಗಾಂಧಿನಗರದ ಮನೆಯ ಅಡುಗೆ ಕಟ್ಟೆಯ ಮೇಲೆಯೇ ಕೂತಿತ್ತು. ಅದೊಂದು ಸ್ಟೀಲ್ ಬಟ್ಟಲು.

ಗಿಡದ ಕಥೆ ಮೊದಲು ಹೇಳಿಬಿಡುತ್ತೇನೆ. ಕುರುಗೋಡಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಇನ್ನೂ ಪಂಕ್ತಿ ಕೂತಿರಲಿಲ್ಲ, ಹಾಗೇ ಹಿಂದಿನ ಗುಡ್ಡದ ಕಡೆ ಕಾಲಾಡಿಸಿದೆ. ಎರಡು ಬಂಡೆಗಳ ನಡುವೆ, ಒಂದು ಮುಳ್ಳುಕಂಟಿಯ ಬುಡದಲ್ಲಿ, ಎಲೆಯೇ ಇಲ್ಲದ ದಪ್ಪ ಹಸಿರು ಕಡ್ಡಿಗಳ ಗುಂಪೊಂದು ಮೇಲಕ್ಕೆ ಚಾಚಿ ನಿಂತಿತ್ತು. ಫೋಟೋ ತೆಗೆದು ನನಗೆ ಹಿಂದೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದ ಮೇಡಂಗೆ ಕಳಿಸಿದೆ. ಅವರು ತಕ್ಷಣ ಫೋನ್ ಮಾಡಿ, "ಇದು ಸಿಗೋದೇ ಅಪರೂಪ ಕಣಮ್ಮ, ನಾನೂ ಒಂದು ಸಲ ಕಣ್ಣಾರೆ ನೋಡಬೇಕು" ಎಂದರು. ಅಪರೂಪ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಮೈಮೇಲೆ ಬಂದಂತಾಯಿತು. ಆಡು ತಿಂದುಬಿಟ್ಟರೆ? ಅಡುಗೆಯವರಿಂದ ಒಂದು ಸೌಟು ಇಸಿದುಕೊಂಡು ಹೋಗಿ, ಗುಂಪಿಗೆ ಗುಂಪನ್ನೇ ಬೇರು ಸಮೇತ ಎಬ್ಬಿಸಿ, ರೇಷ್ಮೆ ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಬಂದೆ. ಊಟ ತಪ್ಪಿತು. ಆದರೂ ಒಂದು ಜೀವ ಉಳಿಸಿದೆ ಎಂದು ಬಸ್ಸಿನುದ್ದಕ್ಕೂ ಬೀಗುತ್ತಿದ್ದೆ.

ಕುಂಡದಲ್ಲಿ ಅದು ಚೆನ್ನಾಗಿಯೇ ಹಿಡಿದುಕೊಂಡಿತು. ಕಡ್ಡಿಗಳ ತುದಿಯಲ್ಲಿ ಮೊಗ್ಗು ಕೂಡ ಕಾಣಿಸಿತು. ಅದೇ ಹೊತ್ತಿಗೆ ಸಿರುಗುಪ್ಪದಲ್ಲಿ ವಿಜ್ಞಾನ ಶಿಕ್ಷಕರ ಕಾರ್ಯಾಗಾರ ನಿಗದಿಯಾಗಿ, ಅಪರೂಪದ ಸಸ್ಯಗಳ ಮೇಲೆ ನಾನೇ ಮಾತಾಡಬೇಕೆಂದಾಯಿತು. ಗಿಡವನ್ನೇ ಹೊತ್ತು ತರುತ್ತೇನೆ ಎಂದು ಮಾತು ಕೊಟ್ಟೆ. ಅದನ್ನು ನೋಡಲೆಂದೇ ಮೇಡಂ ಕೂಡ ಬರುತ್ತೇನೆ ಎಂದರು. ಹೂವು ಅರಳಿ ಬೀಜ ಸಿಕ್ಕರೆ ತಾವೇ ಸಸಿ ಮಾಡಿ ಗುಡ್ಡಕ್ಕೆ ಮರಳಿ ನೆಡಿಸುವುದಾಗಿಯೂ ಹೇಳಿದರು. ಒಟ್ಟಿನಲ್ಲಿ ಆ ಗಿಡದ ವಂಶವೇ ನಮ್ಮ ಮನೆಯ ಒಂದು ಕುಂಡದಲ್ಲಿತ್ತು.

ಇನ್ನು ನಮ್ಮ ಅತ್ತೆಯ ವಿಷಯ. ಸಿರಿಗೇರಿಯವರು, ತವರಿನ ಕಡೆ ತೆಲುಗು ಮಾತು. ಅವರದು ಒಂದೇ ಒಂದು ಕಟ್ಟುನಿಟ್ಟು: ಪಕ್ಕದ ಮನೆಯಿಂದ ತಿಂಡಿ ಬಂದ ಬಟ್ಟಲು ಖಾಲಿಯಾಗಿ ಹಿಂದಕ್ಕೆ ಹೋಗಕೂಡದು. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಬೀಳಬೇಕು. ಪಕ್ಕದ ಮನೆಯ ಗಂಗಮ್ಮನವರದೂ ಅದೇ ಪದ್ಧತಿ. ಹೀಗಾಗಿ ಎರಡು ಮನೆಗಳ ನಡುವೆ ಬಟ್ಟಲುಗಳ ಓಡಾಟ ನಿಂತದ್ದೇ ಇಲ್ಲ. ಯಾವ ಬಟ್ಟಲು ಮೂಲತಃ ಯಾರದು ಎಂಬುದನ್ನು ನಾವೆಲ್ಲ ಎಂದೋ ಮರೆತಿದ್ದೇವೆ.

ಕಾರ್ಯಾಗಾರದ ದಿನ ಬೆಳಿಗ್ಗೆ ಗಡಿಬಿಡಿಯಲ್ಲಿ ರೊಟ್ಟಿ ತಿನ್ನಲು ಕೂತೆ. ಜೊತೆಗೆ ಹುಳಿ, ಖಾರ, ಸ್ವಲ್ಪ ಕಹಿ ಬೆರೆತ, ಬೆಳ್ಳುಳ್ಳಿ ಘಮಘಮಿಸುವ ಒಂದು ಚಟ್ನಿ. ನಾಲಿಗೆ ಕುಣಿದಾಡಿತು. ಎರಡನೇ ಸಲ ಹಾಕಿಸಿಕೊಂಡು, ಮೂರನೆಯ ಸಲ ಬೆರಳಿನಿಂದಲೇ ತಟ್ಟೆ ಒರೆಸುತ್ತ ಕೇಳಿದೆ.

"ಅತ್ತಿ, ಏನ್ ಚಟ್ನಿರಿ ಇದು? ಭಾಳ ರುಚಿ ಐತಿ."

"ಕುಂದೇಟಿ ಕೊಮ್ಮುಲು ಚಟ್ನಿ. ಅಂದ್ರ ಮೊಲದ ಕೊಂಬು. ಸಣ್ಣಾಕಿದ್ದಾಗ ತಿಂದಿದ್ದೆ ನೋಡು, ಆಮ್ಯಾಲ ಕಂಡಿರಲೇ ಇಲ್ಲ."

"ಮೊಲಕ್ಕೆಲ್ಲೈತ್ರಿ ಕೊಂಬು?" ಎಂದು ನಕ್ಕೆ. ನಗು ಅಲ್ಲಿಗೇ ಮುಗಿಯಿತು.

"ನೀನ ತಂದು ಕುಂಡದಾಗ ಹಾಕಿದ್ದಿಯಲ್ಲ, ಅದ. ಗಂಗಮ್ಮ ನಿನ್ನೆ ಬಟ್ಲ ತುಂಬ ಶೇಂಗಾ ಹೋಳಿಗಿ ಕೊಟ್ಟಿದ್ಲು. ಹೋಳಿಗಿ ಬಂದ ಬಟ್ಲಾಗ ಸಕ್ರಿ ಹಾಕಿ ಕೊಡಾಕ ಮಕ ಬೇಕಲ್ಲ? ಮನ್ಯಾಗ ಕಾಯಿಪಲ್ಲೆನೂ ಇರಲಿಲ್ಲ. ಬುಡಕ್ಕ ಹಿಡಿದು ಎಳದೆ, ಬೇರು ಸೈತ ಬಂತು. ಚಟ್ನಿ ಅರದು ಬಟ್ಲ ತುಂಬಿ ಕೊಟ್ಟೆ, ಉಳಿದದ್ದು ಇದು."

ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಅಂಗಳಕ್ಕೆ ಓಡಿದೆ. ಕುಂಡದಲ್ಲಿ ಒಂದು ಗುಂಡಿ, ಅದರ ಪಕ್ಕ ಒಂದು ಇರುವೆ. ಇರುವೆಯೂ ನನ್ನ ಹಾಗೇ ದಿಕ್ಕು ತಪ್ಪಿ ಸುತ್ತುತ್ತಿತ್ತು. ಸಿಟ್ಟು ಬಂತು, ಅಳು ಬಂತು, ಅದರ ಹಿಂದೆಯೇ ಒಂದು ತೇಗೂ ಬಂತು. ಆ ತೇಗಿಗೆ ನಾಚಿದಷ್ಟು ನಾನು ಇನ್ನಾವುದಕ್ಕೂ ನಾಚಿದವಳಲ್ಲ.

"ಅಷ್ಟ್ಯಾಕ ಗಾಬರಿ ಆಗ್ತಿ ಯವ್ವಾ? ನನಗೇನು ಗೊತ್ತು, ಸಾಲಿಗೆ ಒಯ್ಯಾಕ ಇಟ್ಟಿ ಅಂತ? ಕೊತ್ತಂಬ್ರಿ ಹಾಕೋ ಕುಂಡದಾಗ ಹಾಕಿದ್ರ ತಿನ್ನಾಕ ಅಂತನ ತಿಳಕೊಂತಾರ" ಎಂದರು ಅತ್ತೆ ಬಾಗಿಲಲ್ಲಿ ನಿಂತು. ಅವರ ಮುಖವೂ ಸಪ್ಪಗಾಗಿತ್ತು. ಕುಂಡ ಕೊತ್ತಂಬರಿಯದೇ ಆಗಿತ್ತು.

ಖಾಲಿ ಕುಂಡವನ್ನೇ ಎತ್ತಿಕೊಂಡು ಸಿರುಗುಪ್ಪಕ್ಕೆ ಹೋದೆ. ಮುಂದಿನ ಸಾಲಿನಲ್ಲಿ ಮೇಡಂ ಕನ್ನಡಕ ಒರೆಸಿಕೊಂಡು ಕಾಯುತ್ತಿದ್ದರು. ಇದು ಆ ಗಿಡ ಇದ್ದ ಜಾಗ ಎಂದು ಗುಂಡಿ ತೋರಿಸಿದೆ. ಹಿಂದಿನಿಂದ ಒಬ್ಬ ಮೇಷ್ಟ್ರು ಎದ್ದು, "ಆಡು ತಿಂತೇನ್ರಿ ಟೀಚರ್?" ಎಂದು ಕನಿಕರದಿಂದ ಕೇಳಿದರು. "ಹೂಂ, ಹಂಗಾ ಅನ್ರಿ" ಎಂದೆ. ಚಹಾದ ಹೊತ್ತಿನಲ್ಲಿ ಮೇಡಂ ಹತ್ತಿರ ಬಂದು, "ಅಲ್ಲೇ ಬಿಟ್ಟಿದ್ದರೆ ಇರ್ತಿತ್ತೇನೋ" ಎಂದಷ್ಟೇ ಅಂದರು. ಕುರುಗೋಡಿನ ಆಡುಗಳು ಇಷ್ಟು ವರ್ಷ ಆ ಮುಳ್ಳುಕಂಟಿಗೆ ಬಾಯಿ ಹಾಕದೆ ಬಿಟ್ಟಿದ್ದವು ಎಂಬುದು ನನಗೆ ಆಗಷ್ಟೇ ಹೊಳೆಯಿತು.

ನಿಜವಾದ ಆಘಾತ ಇನ್ನೂ ಬಾಕಿಯಿತ್ತು. ಸಂಜೆ ಮನೆಗೆ ಬಂದರೆ ಅಡುಗೆ ಕಟ್ಟೆಯ ಮೇಲೆ ಅದೇ ಬಟ್ಟಲು. ಅದರ ತುಂಬ, ಅಂಚು ಮೀರಿ, ಹಸಿರು ಕಡ್ಡಿಗಳು. ಪಕ್ಕದಲ್ಲಿ ನಗುನಗುತ್ತ ಗಂಗಮ್ಮ.

"ಟೀಚರ್ ಬರ್ರಿ, ಬರ್ರಿ. ನಿಮ್ಮ ಚಟ್ನಿ ನಮ್ಮನ್ಯಾಗ ಎಲ್ಲಾರಿಗೂ ಸೇರ್ತು. ನಮ್ಮ ತಮ್ಮ ರೂಪನಗುಡಿ ಕಡಿ ಗುಡ್ಡದಾಗ ಐತಿ ಅಂದ. ಇದ್ದಬದ್ದದ್ದೆಲ್ಲಾ ಕಿತ್ಕೊಂಡು ಬಾ ಅಂದೆ. ಖಾಲಿ ಬಟ್ಲ ಕೊಡಾಕ ಬರತೈತೇನ್ರಿ?"

ಒಂದು ಗುಡ್ಡವನ್ನು ನಾನು ಬೋಳಿಸಿದ್ದೆ, ಇನ್ನೊಂದನ್ನು ನಮ್ಮ ಮನೆಯ ಚಟ್ನಿ ಬೋಳಿಸಿತ್ತು. ಎರಡು ಗಟ್ಟಿ ಕಡ್ಡಿ ಆರಿಸಿ ಕುಂಡಕ್ಕೆ ಊರಿದೆ, ಮೇಡಂಗೆ ಫೋನ್ ಮಾಡಿ ಹೇಳಿದೆ. ಅವರು ಅತ್ತರೋ ನಕ್ಕರೋ ತಿಳಿಯಲಿಲ್ಲ. ಕುಂಡದ ಮೇಲೆ ದಪ್ಪ ಅಕ್ಷರದಲ್ಲಿ 'ತಿನ್ನಬಾರದು' ಎಂದು ಬರೆದು ಅಂಟಿಸಿದೆ.

"ಉಳಿದದ್ದು ಏನ್ ಮಾಡ್ಲಿ? ನಾಳಿಗೆ ಬಾಡತೈತಿ" ಎಂದರು ಅತ್ತೆ, ನನ್ನ ಮುಖ ನೋಡದೆ.

ನಾನು ಬೆಳ್ಳುಳ್ಳಿ ಸುಲಿಯಲು ಕೂತೆ.